ಗರ್ಭನಿರೋಧಕ ಮಾತ್ರೆ ತಗೋತಿದ್ರೆ ಲಿವರ್ ಕಡೆ ಏನೇನು ಗಮನಿಸ್ಬೇಕು

ಮೊದ್ಲೇ ಹೇಳ್ಬಿಡ್ತೀನಿ, ಈಗಿನ ಕಡಿಮೆ ಡೋಸ್ ಮಾತ್ರೆಗಳಿಂದ ಲಿವರ್ ಕೆಡೋದು ಅಪರೂಪ, ಹೆದರ್ಕೊಂಡು ಸ್ಟ್ರಿಪ್ಪನ್ನ ಅರ್ಧಕ್ಕೇ ಬಿಸಾಕ್ಬೇಡಿ.

ಶುರು ಮಾಡೋ ಮುಂಚೆ ಡಾಕ್ಟರ್ ಕೇಳ್ದೇ ಇದ್ರೂ ನೀವೇ ಹೇಳ್ಬೇಕಾದ್ದು: ಬಸುರಿ ಇದ್ದಾಗ ಅಂಗೈ ಅಂಗಾಲು ಕೆರೆತದಿಂದ ನಿದ್ದೆ ಕೆಟ್ಟು ಲಿವರ್ ತೊಂದ್ರೆ ಅಂದಿದ್ರಾ, ಹಿಂದೆ ಮಾತ್ರೆ ತಗೊಂಡಾಗ ಜಾಂಡೀಸ್ ಆಗಿತ್ತಾ, ಲಿವರ್‌ನಲ್ಲಿ ಗಡ್ಡೆ, ಸಿರೋಸಿಸ್ (ಲಿವರ್ ಗಾಯದಿಂದ ಗಟ್ಟಿಯಾಗೋದು), ಹೆಪಟೈಟಿಸ್ (ಲಿವರ್ ಉರಿಯೂತ) ಏನಾದ್ರೂ ಇದ್ಯಾ. ಇದ್ಯಾವ್ದೂ ಇಲ್ದೋರು ಮೊದ್ಲು ಎಲ್‌ಎಫ್‌ಟಿ (ಲಿವರ್ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ) ಮಾಡಿಸ್ಲೇಬೇಕು ಅಂತೇನಿಲ್ಲ. ಮಾತ್ರೆ ಬದ್ಲು ಚರ್ಮಕ್ಕೆ ಅಂಟಿಸೋ ಗರ್ಭನಿರೋಧಕ ಪ್ಯಾಚ್, ಯೋನಿಯೊಳಗೆ ಇಡೋ ರಿಂಗ್ ಹಾಕ್ಕೊಂಡ್ರೆ ಲಿವರ್ ಬಚಾವ್ ಅನ್ನೋರಿದಾರೆ, ಅದ್ರಲ್ಲೂ ಇರೋದು ಮಾತ್ರೆಲಿರೋ ಥರದ ಈಸ್ಟ್ರೋಜನ್ ಹಾರ್ಮೋನೇ, ರಕ್ತದ ಜೊತೆ ಲಿವರ್‌ಗೆ ಹೋಗೇ ಹೋಗುತ್ತೆ.

ಮೊದಲ 2-3 ತಿಂಗಳು ಹುಷಾರಾಗಿರಿ. ಈಸ್ಟ್ರೋಜನ್ ಕೆಲವ್ರಿಗೆ ಲಿವರ್‌ನಿಂದ ಪಿತ್ತ ಹೊರಗೆ ಹರಿಯೋದನ್ನ ನಿಧಾನ ಮಾಡುತ್ತೆ, ಆಗ ಎಷ್ಟೋ ಸಲ ಕಣ್ಣು ಹಳದಿ ಆಗೋಕೂ ಮುಂಚೆ ಬರೋದು ಕೆರೆತ, ಮೈಮೇಲೆ ಒಂದು ಗುಳ್ಳೆನೂ ಇರಲ್ಲ, ರಾತ್ರಿ ಜಾಸ್ತಿ, ಅಲರ್ಜಿ ಅನ್ಕೊಂಡು ಸೆಟ್ರಿಜಿನ್ ನುಂಗ್ತಾ ಕೂತ್ರೆ ವಾರಗಳೇ ಹೋಗ್ಬಿಡುತ್ತೆ. ಜೊತೆಗೆ ಮೂತ್ರ ಕಡು ಬಣ್ಣ, ಮಲ ಬಿಳಿಚಿಕೊಂಡಿದ್ರೆ ಇನ್ನು ಕಾಯ್ಬೇಡಿ, ಮಾತ್ರೆ ನಿಲ್ಸಿ, ಆವತ್ತಿಂದ್ಲೇ ಕಾಂಡೋಮ್ ಬಳಸಿ (ಇದನ್ನೇ ಮರೆಯೋದು ಎಲ್ರೂ), ಡಾಕ್ಟರ್ ಹತ್ರ ಹೋಗಿ ಎಲ್‌ಎಫ್‌ಟಿ ಮಾಡಿಸಿ. ನಿಲ್ಸಿದ್ಮೇಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗೇ ಸರಿ ಹೋಗುತ್ತೆ.

ವರ್ಷಗಟ್ಟಲೆ ತಗೊಂಡೋರಲ್ಲಿ, ತೀರಾ ಅಪರೂಪಕ್ಕೆ, ಅಡಿನೋಮಾ ಅನ್ನೋ ಗಡ್ಡೆ ಬೆಳಿಯುತ್ತೆ. ಕ್ಯಾನ್ಸರ್ ಅಲ್ಲ, ಮಾತ್ರೆ ಬಿಟ್ರೆ ಎಷ್ಟೋ ಸಲ ಕುಗ್ಗುತ್ತೆ, ಆದ್ರೆ ಒಡೆದ್ರೆ ಒಳಗೇ ರಕ್ತ ಸೋರುತ್ತೆ. ಬಲಪಕ್ಕೆ ಕೆಳಗೆ ದಿಢೀರ್ ಅಂತ ಜೋರು ನೋವು, ತಲೆ ಸುತ್ತು ಬಂದ್ರೆ ನೇರ ಎಮರ್ಜೆನ್ಸಿಗೆ ಹೋಗಿ, ಮಾತ್ರೆ ತಗೋತಿರೋದನ್ನೂ ಹೇಳಿ.

ಬೇರೆ ಔಷಧಿ ಶುರುವಾದ್ರೂ ಹೇಳಿ. ಟಿಬಿಗೆ ಕೊಡೋ ರಿಫಾಂಪಿಸಿನ್‌ನಿಂದ ಲಿವರ್ ಹಾರ್ಮೋನನ್ನ ಬೇಗ ಕರಗಿಸ್ಬಿಡುತ್ತೆ, ಮಾತ್ರೆ ನುಂಗಿದ್ರೂ ಗರ್ಭ ನಿಲ್ಬಹುದು. ಹೆಪಟೈಟಿಸ್ ಸಿ ಔಷಧಿಗಳಲ್ಲಿ ಕೆಲವು ಈಸ್ಟ್ರೋಜನ್ ಜೊತೆ ಸೇರಿದ್ರೆ ಲಿವರ್ ಎನ್‌ಜೈಮ್ (ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಜಾಸ್ತಿ ಆಗೋ ಅಂಶ) ಏರುತ್ತೆ.

ಈಸ್ಟ್ರೋಜನ್ ಆಗ್ಬರಲ್ಲ ಅಂದೋರಿಗೆ ಕಾಪರ್-ಟಿ ಇದೆ, ಅದ್ರಲ್ಲಿ ಹಾರ್ಮೋನೇ ಇಲ್ಲ, ಲಿವರ್ ಕಾಯಿಲೆ ಇದ್ರೂ ಸಾಮಾನ್ಯವಾಗಿ ಹಾಕ್ತಾರೆ.