ಫಾಗ್ ಲೈಟ್ ಹಾಕಿಸಿದ ಮೇಲೆ ಬೈಕು ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಳೆಗಾಲ ಶುರುವಾಯ್ತೆಂದರೆ ನಮ್ಮ ಮೂಡಿಗೆರೆ ಕಡೆ ಬೈಕಿಗೆ ಫಾಗ್ ಲೈಟ್ ಹಾಕಿಸೋರ ಸಾಲು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋರಿಗೆ ಅದೇನು ಶೋಕಿಯಲ್ಲ, ಮಂಜು ಕವಿದರೆ ಮುಂದಿನ ತಿರುವೇ ಕಾಣೋದಿಲ್ಲ. ಸ್ವಲ್ಪ ದಿನ ಕಳೆದರೆ ಅದೇ ಬೈಕುಗಳು ನನ್ನ ವೈರಿಂಗ್ ಅಂಗಡಿ ಮುಂದೆ ನಿಂತಿರುತ್ತವೆ. ಒಬ್ಬರದ್ದು ಸೆಲ್ಫ್ ತಗೋತಿಲ್ಲ, ಇನ್ನೊಬ್ಬರದ್ದು ಫ್ಯೂಸ್ ನಿಲ್ತಿಲ್ಲ, ಮತ್ತೊಬ್ಬರದ್ದು ಇಂಡಿಕೇಟರ್ ಹುಚ್ಚು ಹಿಡಿದಂಗೆ ಮಿಣುಕುತ್ತೆ. ಎಲ್ಲರೂ ಬೈಯೋದು ಲೈಟನ್ನು. ಲೈಟ್ ಕೆಟ್ಟಿರೋದು ಅಪರೂಪ ಮಾರಾಯ್ರೆ. ಲೈಟಿಗೆ ಕರೆಂಟ್ ಹೋಗೋ ದಾರಿ, ಅದಕ್ಕಿಂತ ಹೆಚ್ಚಾಗಿ ವಾಪಸ್ ಬರೋ ದಾರಿ ಕೆಟ್ಟಿರುತ್ತೆ. ಆದ್ದರಿಂದ ಹೊಸ ಬ್ಯಾಟರಿಗೆ ದುಡ್ಡು ಸುರಿಯೋ ಮೊದಲು ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ. ಜೊತೆಗೆ ಹಳೆಯ 21 ವ್ಯಾಟಿನ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ವೈರ್ ಎಳೆದಿಟ್ಟುಕೊಳ್ಳಿ. ಅದರ ಉಪಯೋಗ ಮುಂದೆ ಹೇಳ್ತೇನೆ.

ಮೊದಲು ಬ್ಯಾಟರಿ. ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡೋ ಮುಂಚೆ ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಹಾಕಿ ಆಮೇಲೆ ಮುಂದಿನದ್ದು ನೋಡಿ, ಖಾಲಿ ಬ್ಯಾಟರಿ ಇಟ್ಟುಕೊಂಡು ಮಾಡೋ ಪರೀಕ್ಷೆಯೆಲ್ಲ ದಾರಿ ತಪ್ಪಿಸುತ್ತೆ. ನಂತರ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಹಿಡಿಯಿರಿ. ಫಾಗ್ ಲೈಟ್ ಆಫ್ ಇದ್ದಾಗ 14ರ ಆಸುಪಾಸು ಬಂದು, ಆನ್ ಮಾಡಿದ ತಕ್ಷಣ 12.5ಕ್ಕೆ ಕುಸಿದು ಅಲ್ಲೇ ನಿಂತರೆ, ನಿಮ್ಮ ಬೈಕಿನ ಮ್ಯಾಗ್ನೆಟ್ ಕಾಯಿಲ್ ಉತ್ಪಾದಿಸೋದಕ್ಕಿಂತ ನೀವು ಖರ್ಚು ಮಾಡ್ತಿದ್ದೀರಿ ಅಂತ ಅರ್ಥ. ಐಡಲ್‌ನಲ್ಲಿ ಕೊಂಚ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. 15 ದಾಟಿದರೆ ಮಾತ್ರ ಆರ್‌ಆರ್ ಯೂನಿಟ್ (ಬ್ಯಾಟರಿಗೆ ಹೋಗೋ ವೋಲ್ಟೇಜನ್ನು ಹತೋಟಿಯಲ್ಲಿಡೋ ರೆಗ್ಯುಲೇಟರ್ ರೆಕ್ಟಿಫೈಯರ್) ಹೋಗಿದೆ, ಅದನ್ನು ಬದಲಿಸದೆ ಓಡಿಸಿದರೆ ಎಲ್‌ಇಡಿಯೂ ಸುಡುತ್ತೆ, ಬ್ಯಾಟರಿಯೂ ಹೋಗುತ್ತೆ.

2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸೋಕೆ ಬರೋದಿಲ್ಲ, ಆ ಲೋಡ್ ಹಗಲೂ ಇರುತ್ತೆ. 60/55 ವ್ಯಾಟಿನ ಹ್ಯಾಲೊಜನ್ ಬಲ್ಬ್ ಒಂದೇ 4ರಿಂದ 5 ಆಂಪಿಯರ್ ಎಳೆಯುತ್ತೆ. ಅದರ ಮೇಲೆ ನೀವು ಹಾಕಿದ ಜೋಡಿ ಎಷ್ಟು ಎಳೆಯುತ್ತೆ ಅನ್ನೋದನ್ನು ಡಬ್ಬಿ ಮೇಲೆ ಓದಬೇಡಿ. '120 ವ್ಯಾಟ್' ಅಂತ ಅಚ್ಚು ಹಾಕೋದಕ್ಕೆ ಏನು ಖರ್ಚು? ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಲೈಟಿನ ಪ್ಲಸ್ ಲೈನ್ ಮಧ್ಯೆ ಸೇರಿಸಿ ಅಳೆಯಿರಿ. 3 ಆಂಪಿಯರ್ ಬಂದರೆ ಎರಡೂ ಸೇರಿ ಸುಮಾರು 40 ವ್ಯಾಟ್.

ರಾತ್ರಿ ನಿಲ್ಲಿಸಿದ ಬೈಕು ಬೆಳಿಗ್ಗೆ ಎದ್ದೇಳದಿದ್ದರೆ ಕಥೆ ಬೇರೆ. ಕೀ ತೆಗೆದು, ಬ್ಯಾಟರಿ ಮೈನಸ್ ಬಿಚ್ಚಿ, ಮಧ್ಯೆ ಮೀಟರ್ ಸೇರಿಸಿ. ಈ ಹೊತ್ತಿನಲ್ಲಿ ಸೆಲ್ಫ್ ಬಟನ್ ಮುಟ್ಟಬೇಡಿ, ಮೀಟರಿನ ಫ್ಯೂಸ್ ಹಾರುತ್ತೆ. ಕೆಲವೇ ಮಿಲಿ ಆಂಪಿಯರ್ ಇದ್ದರೆ ಗಡಿಯಾರದ ಖರ್ಚು, ಬಿಡಿ. 150ರ ಹತ್ತಿರ ತೋರಿಸಿದರೆ ರಿಲೇಯ (ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್ ಆಫ್ ಮಾಡೋ ಸ್ವಿಚ್ಚಿನ) ಕಾಯಿಲ್ ಹಿಡಿದುಕೊಂಡೇ ಇದೆ. ಸ್ವಿಚ್ಚಿಗೆ ನೇರವಾಗಿ ಬ್ಯಾಟರಿಯಿಂದ ಲೈನ್ ಕೊಟ್ಟು, ಸ್ವಿಚ್ ಆರಿಸೋಕೆ ಮರೆತಾಗ ಹೀಗಾಗುತ್ತೆ. ಲೈಟ್ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಬಿಚ್ಚಿಟ್ಟಿದ್ದರೂ ಕಾಯಿಲ್ ಎಳೀತಾನೇ ಇರುತ್ತೆ. ಲೆಕ್ಕ ಹಾಕಿ: 0.15 ಆಂಪಿಯರ್, 24 ಗಂಟೆ, 3.6 ಆಂಪಿಯರ್ ಅವರ್. ಚಿಕ್ಕ ಬೈಕಿನ ಬ್ಯಾಟರಿಯಲ್ಲಿ ಇರೋದೇ 4 ಅಥವಾ 5. ರಿಲೇಯ 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಲೈನ್, 87ರಿಂದ ಲೈಟಿಗೆ, 85 ಅರ್ತಿಗೆ, ಅಂದರೆ ಮೈನಸ್‌ಗೆ. 86ಕ್ಕೆ ಬರೋ ಸ್ವಿಚ್ ಲೈನ್ ಮಾತ್ರ ಹಾರ್ನ್ ಥರ ಕೀ ಆನ್ ಮಾಡಿದಾಗಷ್ಟೇ ಕರೆಂಟ್ ಬರೋ ವೈರಿನಿಂದ ತಗೋಬೇಕು.

ಲೈಟ್ ಮಂಕಾಗಿ ಉರಿಯೋದು, ಗುಂಡಿಗೆ ಬಿದ್ದಾಗ ಮಿಣುಕೋದು, ಇವೆಲ್ಲ ಬಹುತೇಕ ಅರ್ತಿನ ಕಾಯಿಲೆ. ಕ್ರ್ಯಾಶ್ ಗಾರ್ಡಿಗೆ ಕ್ಲಾಂಪ್ ಕೂರಿಸಿ, ಅದೇ ಬೋಲ್ಟಿಗೆ ಮೈನಸ್ ಕಟ್ಟಿರುತ್ತಾರೆ. ಕೆಳಗೆ ಪೇಂಟ್, ಮೇಲೆ ಕೆಸರು, ಇನ್ನು ಕರೆಂಟ್ ಹರಿಯೋದೆಲ್ಲಿಂದ! ಲೈಟ್ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಲೈಟಿನ ಮೈನಸ್ ವೈರಿಗೆ ಇಡಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೈನಸ್ ವೈರನ್ನು ನೇರ ಬ್ಯಾಟರಿಗೇ ತನ್ನಿ. ಹಾಗೇ ಪ್ಲಸ್ ಕಡೆಯೂ ನೋಡಿ, ಅಲ್ಲಿ ಅರ್ಧ ವೋಲ್ಟ್ ತನಕ ನಡೆಯುತ್ತೆ. ವೈರ್ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ನಮ್ಮ ಮಳೆಗೆ ತಾಳೋದಿಲ್ಲ. ಬಿಚ್ಚಿದರೆ ಒಳಗೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತೆ. ಕಿಲುಬಿದ್ದಷ್ಟು ವೈರ್ ಕತ್ತರಿಸಿ, ಬೆಸುಗೆ ಹಾಕಿ, ಹೀಟ್ ಸ್ಲೀವ್ ತೊಡಿಸಿ.

ಈಗ ಫ್ಯೂಸ್. ಹೋದ ವರ್ಷ ಕಾಫಿ ತೋಟದ ರೈಟರ್ ಒಬ್ಬರು ಬುಲೆಟ್ ತಂದಿದ್ದರು. ಊರೊಳಗೆ ಏನೂ ಆಗಲ್ಲ, ಘಾಟಿಯ ಬಲ ತಿರುವಿನಲ್ಲಿ ಮಾತ್ರ ಫಾಗ್ ಲೈಟ್ ಸಾಯುತ್ತೆ. ಯಾರೋ 5ರ ಜಾಗಕ್ಕೆ 20ರ ಫ್ಯೂಸ್ ಹಾಕಿ ಕಳಿಸಿದ್ದರು, ಅದೂ ಹಾರಿದ ಮೇಲೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದಾರೆ! ಫ್ಯೂಸ್ ಇರೋದು ವೈರ್ ಕಾಯೋಕೆ. ವೈರ್ ತಡೆಯೋದಕ್ಕಿಂತ ದೊಡ್ಡದು ಹಾಕಿದರೆ ಮೊದಲು ಸುಡೋದು ಟ್ಯಾಂಕ್ ಕೆಳಗಿನ ವೈರ್, ಅದರ ಮೇಲಿರೋದು ಪೆಟ್ರೋಲ್.

ಆ 21 ವ್ಯಾಟಿನ ಬಲ್ಬ್ ಕೆಲಸಕ್ಕೆ ಬಂದದ್ದು ಇಲ್ಲೇ. ಎರಡೂ ಲೈಟಿನ ಕಪ್ಲರ್ ಬಿಚ್ಚಿ, ಫ್ಯೂಸ್ ತೆಗೆದು, ಅದರ ಜಾಗಕ್ಕೆ ಬಲ್ಬ್ ಸಿಕ್ಕಿಸಿ, ಸ್ವಿಚ್ ಆನ್ ಮಾಡಿದೆ. ಶಾರ್ಟ್ ಇಲ್ಲದಿದ್ದರೆ ಬಲ್ಬ್ ಉರಿಯೋದಿಲ್ಲ. ಶಾರ್ಟ್ ಇದ್ದರೆ ಜಗ್ಗನೆ ಉರಿಯುತ್ತೆ, ಆದರೆ 2 ಆಂಪಿಯರ್‌ಗಿಂತ ಹೆಚ್ಚು ಹರಿಯೋಕೆ ಬಿಡೋದಿಲ್ಲವಾದ್ದರಿಂದ ಏನೂ ಸುಡಲ್ಲ. ಹ್ಯಾಂಡಲ್ ನೇರ ಇದ್ದಾಗ ಕತ್ತಲೆ. ಎಡಕ್ಕೆ ತಿರುಗಿಸಿದರೂ ಕತ್ತಲೆ. ಬಲಕ್ಕೆ ಪೂರ್ತಿ ಒತ್ತಿದೆ, ಬಲ್ಬ್ ಹೊತ್ತಿಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಸ್ವಿಚ್ಚಿನ ವೈರ್ ಚಾಸಿಸ್ ಸ್ಟಾಪರಿಗೆ ಸಿಕ್ಕಿ ಸಿಪ್ಪೆ ಸುಲಿದು, ಅಕ್ಕಿಕಾಳಿನಷ್ಟು ತಾಮ್ರ ಹೊಳೀತಿದೆ. ಆ ಬೈಕಿಗೆ ರಿಲೇಯೇ ಇರಲಿಲ್ಲ, ಲೈಟಿನ ಅಷ್ಟೂ ಕರೆಂಟ್ ಆ ವೈರಿನಲ್ಲೇ ಓಡಾಡುತ್ತಿತ್ತು. ರಿಲೇ ಹಾಕಿ, ವೈರಿಗೆ ತಿರುಗೋಕೆ ಬೇಕಾದಷ್ಟು ಸಡಿಲ ಬಿಟ್ಟು ಕಟ್ಟಿ, ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇಟ್ಟೆ.

ಇಂಡಿಕೇಟರ್ ವಿಷಯ ಬೇಗ ಮುಗಿಯುತ್ತೆ. 10 ವ್ಯಾಟಿನ ಬಲ್ಬ್ ತೆಗೆದು ಒಂದೆರಡು ವ್ಯಾಟಿನ ಎಲ್‌ಇಡಿ ಹಾಕಿದರೆ, ಹಳೆಯ ಫ್ಲ್ಯಾಶರ್ (ಇಂಡಿಕೇಟರ್ ಮಿಣುಕಿಸೋ ಡಬ್ಬಿ) 'ಬಲ್ಬ್ ಸುಟ್ಟಿದೆ' ಅಂದುಕೊಂಡು ಜೋರಾಗಿ ಬಡಿದುಕೊಳ್ಳುತ್ತೆ. ರೆಸಿಸ್ಟರ್ ಹಾಕಿಯೂ ಸರಿ ಮಾಡಬಹುದು, ಆದರೆ ಅದು ಕೈ ಸುಡೋಷ್ಟು ಕಾಯುತ್ತೆ, ನನಗೆ ಇಷ್ಟವಿಲ್ಲ. ಎಲ್‌ಇಡಿ ಫ್ಲ್ಯಾಶರೇ ಹಾಕಿಸಿ. ಒಂದು ಕಡೆಯ ಇಂಡಿಕೇಟರ್ ಆನ್ ಮಾಡಿದಾಗ ನಾಲ್ಕೂ ಮಿಣುಕಿದರೆ, ನಿಮ್ಮ ಬೈಕಿನ ಸ್ಪೀಡೋಮೀಟರಿನಲ್ಲಿ ಎಡ ಬಲ ಎರಡಕ್ಕೂ ಸೇರಿ ಒಂದೇ ಇಂಡಿಕೇಟರ್ ಬಲ್ಬ್ ಇದೆ, ಅದರ ಮೂಲಕ ಕರೆಂಟ್ ಆ ಕಡೆಗೆ ದಾಟುತ್ತಿದೆ. ಎಡ ಬಲದಿಂದ ಆ ಬಲ್ಬಿಗೆ ಬರೋ ವೈರಿಗೆ ಒಂದೊಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋ ಭಾಗ) ಕೂರಿಸಿ, ಎರಡನ್ನೂ ಬಲ್ಬಿನ ಒಂದೇ ತುದಿಗೆ ಸೇರಿಸಿ, ಇನ್ನೊಂದು ತುದಿಯನ್ನು ಅರ್ತಿಗೆ ಕೊಡಿ. ಡಯೋಡಿನ ಬಿಳಿ ಗೆರೆ ಬಲ್ಬಿನ ಕಡೆಗಿರಲಿ.

ಘಾಟಿಯ ಮಧ್ಯೆ ಫ್ಯೂಸ್ ಹೋದರೆ ಅಲ್ಲೇ ರಿಪೇರಿಗೆ ಕೂರಬೇಡಿ. ಬ್ಯಾಟರಿಗೆ ಕಟ್ಟಿದ ಫಾಗ್ ಲೈಟಿನ ಪ್ಲಸ್ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಹೆಡ್‌ಲೈಟ್ ಡಿಮ್‌ನಲ್ಲಿಟ್ಟು ಯಾವುದಾದರೂ ಬಸ್ಸಿನ ಹಿಂದೆ ಅಂತರ ಬಿಟ್ಟು ನಿಧಾನ ಇಳಿಯಿರಿ.