ಉಷ್ಣವಲಯದ ಸಸ್ಯೋದ್ಯಾನದಲ್ಲಿ ಅಪರೂಪದ ಗಿಡಗಳನ್ನು ನೋಡುವುದು ಹೇಗೆ?

ಉಷ್ಣವಲಯದ ಸಸ್ಯೋದ್ಯಾನಕ್ಕೆ ಹೋದವರಲ್ಲಿ ಬಹುಪಾಲು ಮಂದಿ ಎತ್ತರದ ಮರ, ಬಣ್ಣದ ಹೂವು, ತಾವರೆಕೊಳ ಇಷ್ಟನ್ನು ನೋಡಿ ಹೊರಬರುತ್ತಾರೆ. ಅಲ್ಲಿನ ಅತ್ಯಂತ ಅಪರೂಪದ ಗಿಡದ ಪಕ್ಕದಲ್ಲೇ ಹಾದುಹೋದದ್ದು ಅವರಿಗೆ ತಿಳಿಯುವುದೇ ಇಲ್ಲ. ಅಪರೂಪದ್ದೆಲ್ಲ ಚೆಂದವಾಗಿಯೇ ಇರುವುದಿಲ್ಲ, ಎಷ್ಟೋ ಸಲ ಅದು ದಾರಿಬದಿಯ ಪೊದೆಯಂತೆ ಸಾಧಾರಣವಾಗಿರುತ್ತದೆ. ಆದ್ದರಿಂದ ಏನನ್ನು, ಯಾವಾಗ ನೋಡಬೇಕೆಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಮೊದಲ ಕೆಲಸವೆಂದರೆ ಉದ್ಯಾನದ ಜಾಲತಾಣದಲ್ಲಿ ನಕ್ಷೆಯನ್ನೂ, ಆ ವಾರ ಅರಳಿರುವ ಹೂಗಳ ವಿವರವನ್ನೂ ಓದಿಕೊಂಡು ನಾಲ್ಕೈದು ಗಿಡಗಳನ್ನು ಆರಿಸಿಕೊಳ್ಳುವುದು. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಹೊರಟವರು ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಕೆಲವು ಗಿಡಗಳಂತೂ ನಮ್ಮ ಬಿಡುವಿಗಾಗಿ ಕಾಯುವುದಿಲ್ಲ. ಸುವರ್ಣಗೆಡ್ಡೆಯ ಕುಲಕ್ಕೇ ಸೇರಿದ, ಸುಮಾತ್ರಾ ದ್ವೀಪದ ಟೈಟಾನ್ ಆರಮ್ ಮೊದಲ ಸಲ ಹೂಬಿಡುವುದಕ್ಕೆ ಸಾಮಾನ್ಯವಾಗಿ 7ರಿಂದ 10 ವರ್ಷ ಹಿಡಿಯುತ್ತದೆ. 3 ಮೀಟರ್‌ವರೆಗೂ ಬೆಳೆಯಬಲ್ಲ ಅದರ ಹೂಗೊಂಚಲು ಅರಳಿ ನಿಲ್ಲುವುದು ಮಾತ್ರ ಒಂದೆರಡು ದಿನ. ಕೊಳೆತ ಮಾಂಸದಂಥ ಅದರ ವಾಸನೆ ಮೊದಲ ರಾತ್ರಿಯೇ ಅತಿ ಕಟುವಾಗಿರುವುದರಿಂದ, ಅರಳಿದ ಸುದ್ದಿ ತಿಳಿದೊಡನೆ ಅಂದೇ ಸಂಜೆ ಹೋಗಬೇಕು, ವಾರದ ಕೊನೆಯವರೆಗೆ ತಡೆದರೆ ಕಾಣಸಿಗುವುದು ಬಾಗಿಬಿದ್ದ ದಂಟು. ಶ್ರೀತಾಳೆಯ ಮರವಾದರೋ ದಶಕಗಳ ಕಾಲ ಬೆಳೆದು, ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಸಾಯುತ್ತದೆ. ಅದರ ತುದಿಯಲ್ಲಿ ಹೂವು ಕಂಡರೆ ಉಳಿದ ಯೋಜನೆಯನ್ನೆಲ್ಲ ಬದಿಗಿಟ್ಟು ಅಲ್ಲಿಯೇ ನಿಲ್ಲಬಹುದು.

ಎರಡನೆಯದು ಹೊತ್ತಿನ ಆಯ್ಕೆ. ಬಾಗಿಲು ತೆರೆಯುತ್ತಲೇ ಒಳಹೊಕ್ಕರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಆದರೆ ಅಮೆಜಾನಿನ ದೈತ್ಯ ನೈದಿಲೆ, ಅಂದರೆ ವಿಕ್ಟೋರಿಯಾ ಅಮೆಜೋನಿಕಾ, ಇದಕ್ಕೆ ಹೊರತು: ಅದರ ಹೂವು ಸಂಜೆ ಅರಳುತ್ತದೆ. ಮೊದಲ ಸಂಜೆ ಬೆಳ್ಳಗೆ ಅರಳಿ, ಬೆಚ್ಚಗಾಗಿ, ಪರಿಮಳದಿಂದ ದುಂಬಿಗಳನ್ನು ಸೆಳೆದು, ರಾತ್ರಿ ಮುಚ್ಚಿಕೊಂಡು ಅವುಗಳನ್ನು ಒಳಗೇ ಇರಿಸಿಕೊಳ್ಳುತ್ತದೆ. ಮರುದಿನ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿ ಮತ್ತೆ ತೆರೆದಾಗ, ಪರಾಗ ಮೆತ್ತಿಕೊಂಡ ದುಂಬಿಗಳು ಇನ್ನೊಂದು ಬಿಳಿ ಹೂವಿನತ್ತ ಹಾರುತ್ತವೆ. ಕೊಳದಲ್ಲಿ ಬಿಳಿ ಮತ್ತು ಗುಲಾಬಿ ಹೂಗಳು ಒಟ್ಟಿಗೇ ಕಂಡರೆ ಅವು ಎರಡು ತಳಿಗಳೆಂದು ತಿಳಿಯಬೇಕಾಗಿಲ್ಲ.

ಉಡುಪಿನ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ: ತೆಳುವಾದ ತುಂಬುತೋಳಿನ ಹತ್ತಿಬಟ್ಟೆ, ಜಾರದ ಮುಚ್ಚಿದ ಪಾದರಕ್ಷೆ, ನೀರು, ಕೊಡೆ. ತಂಪು ಜಾಗದಿಂದ ತೇವಭರಿತ ಗಾಜಿನ ಮನೆಗೆ ಹೊಕ್ಕಾಗ ಕ್ಯಾಮೆರಾದ ಮಸೂರ ಮಬ್ಬಾಗುತ್ತದೆ. ಅದನ್ನು ಒರೆಸುತ್ತ ಕೂರದೆ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ತಿಳಿಯಾಗುತ್ತದೆ.

ಮೂರನೆಯ ಹಂತವನ್ನೇ ಭೇಟಿಯ ತಿರುಳೆಂದು ನಾನು ಎಣಿಸುತ್ತೇನೆ: ಗಿಡವನ್ನು ನೋಡುವ ಮುನ್ನ ಅದರ ಫಲಕವನ್ನು ಓದುವುದು. ಫಲಕದಲ್ಲಿ ಓರೆಯಕ್ಷರದಲ್ಲಿರುವ ಎರಡು ಪದಗಳು ಕುಲ ಮತ್ತು ಪ್ರಭೇದದ ಹೆಸರು. ಅದರ ಜೊತೆಗೆ ಸಸ್ಯ ಕುಟುಂಬ, ಮೂಲನೆಲೆ ಮತ್ತು ಒಂದು ದಾಖಲಾತಿ ಸಂಖ್ಯೆ ಇರುತ್ತವೆ. ಅನೇಕ ಉದ್ಯಾನಗಳಲ್ಲಿ ಆ ಸಂಖ್ಯೆಯ ಮೊದಲ 4 ಅಂಕಿಗಳು ಗಿಡ ಅಲ್ಲಿಗೆ ಬಂದ ವರ್ಷವನ್ನು ಹೇಳುತ್ತವೆ. ಕಾಡಿನಲ್ಲಿ ನಶಿಸಿದೆ ಎಂಬ ಒಕ್ಕಣೆ ಕಂಡಲ್ಲಿ ಮುಂದೆ ಹೆಜ್ಜೆಯಿಡಬೇಡಿ. ಎನ್ಸೆಫಲಾರ್ಟಸ್ ವುಡೀ ಎಂಬ ಸೈಕಾಡ್ ಮೇಲ್ನೋಟಕ್ಕೆ ಗಿಡ್ಡ ತಾಳೆಯಂತೆ ಕಾಣುವ ಸಸ್ಯ. 1895ರಲ್ಲಿ ದಕ್ಷಿಣ ಆಫ್ರಿಕಾದ ಕಾಡಂಚಿನಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ ಅವರಿಗೆ ಇದರ ಒಂದೇ ಒಂದು ಗಂಡು ಗಿಡ ಸಿಕ್ಕಿತು. ಇಂದು ಜಗತ್ತಿನ ಉದ್ಯಾನಗಳಲ್ಲಿರುವವೆಲ್ಲ ಅದರ ಮರಿಗಳೇ ಆಗಿದ್ದು, ಹೆಣ್ಣು ಗಿಡ ಈವರೆಗೂ ದೊರೆತಿಲ್ಲವಾದ್ದರಿಂದ ಬೀಜದಿಂದ ಅದರ ಸಂತತಿ ಮುಂದುವರಿಯುವ ದಾರಿಯೇ ಮುಚ್ಚಿದೆ. ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದ ರಾಮೋಸ್ಮೇನಿಯಾ ಎಂಬ ಕಾಫಿ ಕುಟುಂಬದ ಪೊದೆಯ ಕತೆ ಇಷ್ಟು ನಿರಾಶೆಯದಲ್ಲ. ನಶಿಸಿತೆಂದು ನಂಬಲಾಗಿದ್ದ ಅದರ ಒಂದು ಗಿಡ 1980ರ ಸುಮಾರಿಗೆ ಶಾಲಾಬಾಲಕನೊಬ್ಬನ ಕಣ್ಣಿಗೆ ಬಿತ್ತು. 1986ರಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಅದರ ಕಡ್ಡಿಗಳನ್ನು ಕಳುಹಿಸಲಾಯಿತು. ಕಡ್ಡಿ ಚಿಗುರಿ ಹೂಬಿಟ್ಟರೂ ವರ್ಷಾನುಗಟ್ಟಲೆ ಕಾಯಿ ಕಚ್ಚಲಿಲ್ಲ, ಕೊನೆಗೆ 2003ರಲ್ಲಿ ತೋಟಗಾರಿಕಾ ತಜ್ಞ ಕಾರ್ಲೋಸ್ ಮ್ಯಾಗ್ಡಲೀನಾ ಅವರ ಪ್ರಯತ್ನದಿಂದ ಬೀಜ ಸಿಕ್ಕಿತು. ಇಂಥ ಗಿಡದ ಮುಂದೆ ಫಲಕವಿಲ್ಲದಿದ್ದರೆ ಯಾರೂ ಅರೆಕ್ಷಣವೂ ನಿಲ್ಲಲಾರರು.

ಓದಿಯಾದ ಮೇಲೆ ಗಿಡವನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ನೋಡಿ. ಸೇಶೆಲ್ಸ್ ದ್ವೀಪಗಳ ಕೊಕೊ ದ ಮೇರ್ ತಾಳೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಸಸ್ಯಲೋಕದ ಅತಿದೊಡ್ಡ ಬೀಜವನ್ನು ಹೊತ್ತ ಅದರ ಕಾಯಿ ಮಾಗುವುದಕ್ಕೆ 6ರಿಂದ 7 ವರ್ಷ ಬೇಕು. ನಿಮ್ಮೆದುರಿನದು ಯಾವ ಮರವೆಂದು ಮೊದಲು ಗುರುತಿಸಿಕೊಳ್ಳಿ, ಗಂಡು ಮರದಲ್ಲಿ ಕಾಯಿ ಹುಡುಕುತ್ತ ಕತ್ತು ನೋಯಿಸಿಕೊಳ್ಳುವವರು ಕಡಿಮೆಯಿಲ್ಲ.

ಕೆಳಗೆ ಬಿದ್ದ ಬೀಜವೆಂದರೂ ಜೇಬಿಗೆ ಹಾಕಿಕೊಳ್ಳಬಾರದು. ಉದ್ಯಾನದವರು ಅದೇ ಬೀಜಕ್ಕಾಗಿ ಹಲವು ವರ್ಷ ಕಾದಿರಬಹುದು. ಮೇಲಾಗಿ, ಅಳಿವಿನಂಚಿನ ಪ್ರಭೇದಗಳನ್ನು ಪರವಾನಗಿಯಿಲ್ಲದೆ ಗಡಿ ದಾಟಿಸುವುದಕ್ಕೆ 1975ರಿಂದ ಜಾರಿಯಲ್ಲಿರುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ತಡೆಯಿದೆ. ಬೇರೆ ತೋಟದಿಂದ ನೇರವಾಗಿ ಬಂದವರು ಪಾದರಕ್ಷೆಯ ಮಣ್ಣನ್ನು ತೊಳೆದುಕೊಂಡೇ ಒಳಬರಬೇಕು, ಏಕೆಂದರೆ ಬೇರು ಕೊಳೆಸುವ ರೋಗಾಣುಗಳು ಮಣ್ಣಿನೊಡನೆ ಸಾಗಿಬರುತ್ತವೆ.

ಚಿತ್ರ ತೆಗೆಯುವಾಗ ಮೊದಲು ಫಲಕದ್ದು, ಆಮೇಲೆ ಇಡೀ ಗಿಡದ್ದು, ಕೊನೆಗೆ ಎಲೆಯ ಅಥವಾ ಹೂವಿನ ಸಮೀಪಚಿತ್ರ, ಈ ಕ್ರಮವನ್ನು ಪ್ರತಿ ಗಿಡಕ್ಕೂ ಪಾಲಿಸಿದರೆ ಮನೆಗೆ ಬಂದ ಮೇಲೆ ಹೆಸರುಗಳು ಕಲಸಿಹೋಗುವುದಿಲ್ಲ. ಮುಂದೆ ಯಾವ ಗಿಡದ ಬಗ್ಗೆಯಾದರೂ ಉದ್ಯಾನಕ್ಕೆ ಪತ್ರ ಬರೆದು ವಿಚಾರಿಸುವುದಾದರೆ ದಾಖಲಾತಿ ಸಂಖ್ಯೆಯನ್ನು ನಮೂದಿಸಿ. ಒಂದೇ ಪ್ರಭೇದದ ಹಲವು ಗಿಡಗಳಲ್ಲಿ ನೀವು ಕಂಡದ್ದು ಯಾವುದೆಂದು ಸಿಬ್ಬಂದಿ ಗುರುತಿಸುವುದು ಅದರಿಂದಲೇ.