ರೀಡ್‌ಮಿಗೆ ಸೇರಿಸಿದ ಒಂದು ಪ್ಯಾರಾ

ರಾಜಾಜಿನಗರದಲ್ಲಿ ನಾವು ಬರೆದ ಓಪನ್ ಸೋರ್ಸ್ ಟೂಲನ್ನು ತಮ್ಮ ಸಾಧನದೊಳಗೆ ಸೇರಿಸಿ, ಅಮೆರಿಕದಿಂದ ಬೇರೆ ದೇಶಗಳಿಗೆ ಮಾರುವ ಕಂಪನಿಯೊಂದು ಮಾಲು ಕಳಿಸುವುದನ್ನೇ ನಿಲ್ಲಿಸಿತ್ತು. "ಇದರ ಎಕ್ಸ್‌ಪೋರ್ಟ್ ವರ್ಗ ಯಾವುದು?" ಅಂತ ಅವರ ಪ್ರಶ್ನೆ, ಅಂದರೆ ರಫ್ತು ನಿಯಮದಲ್ಲಿ ಇದು ಯಾವ ಗುಂಪಿಗೆ ಸೇರುತ್ತದೆ ಅಂತ.

ಟೂಲಿನೊಳಗೆ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ (ಮಾಹಿತಿಯನ್ನು ಗುಟ್ಟಾಗಿಸುವ) ಸಾಫ್ಟ್‌ವೇರ್ ಇದೆ. ಅಮೆರಿಕದ ರಫ್ತು ನಿಯಮದಲ್ಲಿ ಇಂಥ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ 5ಡಿ002 ಎಂಬ ನಿಯಂತ್ರಿತ ಗುಂಪಿಗೆ ಬರುತ್ತದೆ. ಸೋರ್ಸ್ ಕೋಡ್ ಎಲ್ಲರಿಗೂ ಸಿಗುವಂತಿದ್ದರೆ ವಿನಾಯಿತಿ ಇದೆ. ಸ್ಟಾಂಡರ್ಡ್ ಕ್ರಿಪ್ಟೋ (ಎಲ್ಲರೂ ಒಪ್ಪಿದ ಎನ್‌ಕ್ರಿಪ್ಶನ್ ವಿಧಾನ) ಆದರೆ 2021ರಿಂದ ಅಲ್ಲಿನ ಸರ್ಕಾರಕ್ಕೆ ಇಮೇಲ್ ಕಳಿಸುವುದೂ ಬೇಕಿಲ್ಲ. ಆದರೆ ಆ ವಿನಾಯಿತಿ ನಮ್ಮ ಕೋಡಿಗೆ. ಅದನ್ನು ಸೇರಿಸಿಕೊಂಡ, ಸೋರ್ಸ್ ಕೊಡದ ಪ್ರಾಡಕ್ಟಿಗೆ ತಾನಾಗಿ ಸಿಗುವುದಿಲ್ಲ. ಹಂಚುವವರಿಗೆ ಇದನ್ನು ನಾವೇ ಹೇಳಬೇಕು, ಅಲ್ವಾ?

ಟೂಲಿನ ಜೊತೆ ಇರುವ ವಿವರಣೆಯ ಫೈಲಾದ ರೀಡ್‌ಮಿಯಲ್ಲಿ ಹೀಗೆ ಬರೆದೆ: "ಟಿಎಲ್‌ಎಸ್‌ಗಾಗಿ (ನೆಟ್‌ವರ್ಕ್ ಸಂಪರ್ಕವನ್ನು ಸುರಕ್ಷಿತವಾಗಿಸುವ ವಿಧಾನ) ಓಪನ್‌ಎಸ್‌ಎಸ್‌ಎಲ್ ಬಳಸಿದ್ದೇವೆ. ಪ್ರಾಡಕ್ಟಿಗೆ ಸೇರಿಸಿ ಹಂಚುವ ಮುನ್ನ ನಿಮ್ಮ ದೇಶದ ನಿಯಮ ನೋಡಿಕೊಳ್ಳಿ." ಬೆಂಗಳೂರಿನಿಂದ ಕಳಿಸುವವರಿಗಾಗಿ ಭಾರತದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಡಿಜಿಎಫ್‌ಟಿಯ ಸ್ಕೋಮೆಟ್ (ರಫ್ತಿಗೆ ನಿಯಂತ್ರಣವಿರುವ ವಸ್ತುಗಳ) ಪಟ್ಟಿಯ 8ನೇ ವಿಭಾಗವನ್ನೂ ಸೂಚಿಸಿದೆ. ಕಂಪನಿಯವರು ತಮ್ಮ ಸಾಧನಕ್ಕೆ ಬೇರೆಯಾಗಿ ವರ್ಗ ಗೊತ್ತುಮಾಡಿಸಿಕೊಂಡರು. ಮಾಲು ಹೊರಟಿತು.